ಮಕ್ಕಳ ಸಾಹಸ ಕಾದಂಬರಿಯ ಅಧ್ಯಯನ: ತರಗತಿಯಲ್ಲಿ ಕೈಗೊಳ್ಳಬಹುದಾದ ಸೃಜನಾತ್ಮಕ ಚಟುವಟಿಕೆಗಳು

(ಪೋಷಕರು, ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ಮಾಹಿತಿಗಾಗಿ)

ಪೀಠಿಕೆ

ಮಕ್ಕಳಲ್ಲಿ ಓದಿನ ಅಭಿರುಚಿಯನ್ನು ಬೆಳೆಸುವಲ್ಲಿ ಸಾಹಸ ಕಾದಂಬರಿಗಳ ಪಾತ್ರ ಹಿರಿದು. ಆದರೆ ಇಡೀ ಕಾದಂಬರಿಯೊಂದನ್ನು ತರಗತಿಯಲ್ಲಿ ಓದಿಸುವಾಗ ಸರಾಗವಾಗಿ ಓದಬಲ್ಲ ಕೆಲವು ಮಕ್ಕಳು ಮುಂದೆ ಸಾಗುತ್ತಾರೆ. ಉಳಿದವರು ಕಥೆಯ ಎಳೆ ತಪ್ಪಿ ಮೌನವಾಗುತ್ತಾರೆ. ಹೀಗೆ ಹಿಂದುಳಿದ ಮಗುವಿಗೆ ಕಥೆಯೊಳಗೆ ಪ್ರವೇಶಿಸಲು ಮತ್ತೊಂದು ಬಾಗಿಲನ್ನು ತೆರೆಯುವುದೇ ತರಗತಿ ಚಟುವಟಿಕೆಗಳ ಉದ್ದೇಶವಾಗಿರುತ್ತದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009ರ ಕಲಂ 29 ಸಹ ಚಟುವಟಿಕೆ, ಅನ್ವೇಷಣೆ ಮತ್ತು ಶೋಧನೆಯ ಮೂಲಕ, ಭಯಮುಕ್ತ ವಾತಾವರಣದಲ್ಲಿ ಕಲಿಕೆ ನಡೆಯಬೇಕೆಂದು ಹೇಳುತ್ತದೆ.

ಚಟುವಟಿಕೆಯನ್ನು ಆಯ್ಕೆ ಮಾಡುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಸೂಕ್ತ: ಇದನ್ನು ಮಾಡಲು ಮಗು ಪುಸ್ತಕವನ್ನು ಮತ್ತೆ ತೆರೆಯಬೇಕಾಗುತ್ತದೆಯೇ? ಪುಸ್ತಕವನ್ನು ತೆರೆಯದೆಯೇ ಮಾಡಿ ಮುಗಿಸಬಹುದಾದ ಚಟುವಟಿಕೆಯು ಗೋಡೆಯ ಅಲಂಕಾರಕ್ಕಷ್ಟೇ ಉಪಯುಕ್ತ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ಮಾದರಿಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಇದೇ ಕ್ರಮವನ್ನು ಇತರ ಸಾಹಸ ಕಾದಂಬರಿಗಳಿಗೂ ಅಳವಡಿಸಿಕೊಳ್ಳಬಹುದು.

ಕೃತಿಯ ಕಿರು ಪರಿಚಯ

1881ರಲ್ಲಿ ಸ್ಕಾಟ್ಲೆಂಡ್‌ನ ಬ್ರೇಮಾರ್ ಎಂಬ ಊರಿನಲ್ಲಿ ತಂಗಿದ್ದಾಗ ಸ್ಟೀವನ್‌ಸನ್ ಅವರು ತಮ್ಮ ಮಲಮಗನೊಂದಿಗೆ ಚಿತ್ರ ಬರೆಯುತ್ತಾ ಕಾಲ ಕಳೆಯುತ್ತಿದ್ದರು. ಆಗ ಮೂಡಿದ ಕಾಲ್ಪನಿಕ ದ್ವೀಪವೊಂದರ ನಕ್ಷೆಯಿಂದಲೇ ಈ ಕಥೆ ಹುಟ್ಟಿತು. ‘ಯಂಗ್ ಫೋಕ್ಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ 1881-82ರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಈ ಕಾದಂಬರಿಯು 1883ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಮೂಲ ಕೃತಿಯಲ್ಲಿ 34 ಅಧ್ಯಾಯಗಳಿವೆ. ವಸತಿಗೃಹವೊಂದರ ಮಾಲೀಕರ ಮಗನಾದ ಜಿಮ್ ಹಾಕಿನ್ಸ್ ಎಂಬ ಬಾಲಕನ ಕೈಗೆ ಕಡಲ್ಗಳ್ಳರ ನಿಧಿಯ ನಕ್ಷೆ ಸಿಗುವುದು, ಆತನು ಹಿರಿಯರೊಡನೆ ‘ಹಿಸ್ಪಾನಿಯೋಲಾ’ ಹಡಗಿನಲ್ಲಿ ಪ್ರಯಾಣಿಸುವುದು, ಹಡಗಿನ ಅಡುಗೆಯವನಾದ ಲಾಂಗ್ ಜಾನ್ ಸಿಲ್ವರ್‌ನ ಒಳಸಂಚು ಬಯಲಾಗುವುದು ಕಥೆಯ ಮುಖ್ಯ ಅಂಶಗಳು.

ಚಟುವಟಿಕೆ 1: ಅಳತೆಗೆ ತಕ್ಕ ನಕ್ಷೆ

ಕಾದಂಬರಿಯ ಪ್ರಕಾರ ದ್ವೀಪವು ಸುಮಾರು 9 ಮೈಲಿ ಉದ್ದ ಹಾಗೂ 5 ಮೈಲಿ ಅಗಲವಿದೆ. ಅಂದರೆ ಸುಮಾರು 14.5 ಕಿ.ಮೀ. ಮತ್ತು 8 ಕಿ.ಮೀ. ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂಬ ಪ್ರಮಾಣದಲ್ಲಿ ಇದನ್ನು ನೋಟ್‌ಪುಸ್ತಕದ ಒಂದೇ ಪುಟದಲ್ಲಿ ಬರೆಯಬಹುದು. ಬೆಟ್ಟ, ಕೊಲ್ಲಿ, ಮರದ ಕೋಟೆ ಮತ್ತು ಮೂರು ಕೆಂಪು ಗುರುತುಗಳ ಸ್ಥಾನವನ್ನು ಮಕ್ಕಳು ಪಠ್ಯದಿಂದಲೇ ಹುಡುಕಿ ಗುರುತಿಸತಕ್ಕದ್ದು. ಸಿದ್ಧ ಚಿತ್ರವನ್ನು ನಕಲು ಮಾಡಿಸಬಾರದು. ಪ್ರಕಾಶಕರಿಗೆ ಕಳುಹಿಸಿದ ಮೂಲ ನಕ್ಷೆ ಕಳೆದುಹೋದಾಗ ಸ್ವತಃ ಸ್ಟೀವನ್‌ಸನ್ ಅವರೇ ತಮ್ಮ ಪುಸ್ತಕವನ್ನು ಪರಿಶೀಲಿಸಿ, ಅದಕ್ಕೆ ಹೊಂದುವಂತೆ ಹೊಸ ನಕ್ಷೆಯನ್ನು ಸಿದ್ಧಪಡಿಸಬೇಕಾಯಿತು ಎಂಬುದನ್ನು ಮಕ್ಕಳಿಗೆ ತಿಳಿಸಬಹುದು.

ಚಟುವಟಿಕೆ 2: ಪೆಟ್ಟಿಗೆಯ ಪಟ್ಟಿ ಮತ್ತು ಬಾಕಿಯ ಲೆಕ್ಕ

4ನೆಯ ಅಧ್ಯಾಯದಲ್ಲಿ ಮೃತ ನಾವಿಕನ ಪೆಟ್ಟಿಗೆಯನ್ನು ತೆರೆಯಲಾಗುತ್ತದೆ. ಪೆಟ್ಟಿಗೆಯೊಳಗಿನ ವಸ್ತುಗಳ ಪಟ್ಟಿಯನ್ನು ಲೇಖಕರ ತಂದೆಯವರೇ ತಯಾರಿಸಿಕೊಟ್ಟಿದ್ದರು. ಸ್ಪೇನಿನ ಹಳೆಯ ಗಡಿಯಾರ, ಹಿತ್ತಾಳೆಯ ಕೈವಾರ, ವಿಚಿತ್ರವಾದ ಕಡಲ ಚಿಪ್ಪುಗಳು ಮುಂತಾದವನ್ನು ಮಕ್ಕಳು ಪಟ್ಟಿ ಮಾಡಿ, ಪ್ರತಿ ವಸ್ತುವು ಅದರ ಒಡೆಯನ ಬಗ್ಗೆ ಏನನ್ನು ತಿಳಿಸುತ್ತದೆ ಎಂಬುದನ್ನು ಎದುರಿಗೆ ಬರೆಯಬೇಕು.

ಇದೇ ಸಂದರ್ಭದಲ್ಲಿ ಕಡಲ್ಗಳ್ಳರು ಯಾವ ಕ್ಷಣದಲ್ಲಾದರೂ ಬರಬಹುದೆಂಬ ಭಯದ ನಡುವೆಯೂ ಜಿಮ್‌ನ ತಾಯಿ ತನಗೆ ಬರಬೇಕಾದ ಬಾಡಿಗೆ ಬಾಕಿಯನ್ನಷ್ಟೇ ಎಣಿಸಿಕೊಳ್ಳುತ್ತಾಳೆ. ಹೆಚ್ಚಿನ ಒಂದು ಕಾಸನ್ನೂ ಮುಟ್ಟಲೊಪ್ಪುವುದಿಲ್ಲ. ನಾಣ್ಯಗಳು ಹಲವು ದೇಶಗಳವಾದ್ದರಿಂದ ಎಣಿಕೆ ತಡವಾಗಿ ಅರ್ಧದಲ್ಲೇ ನಿಲ್ಲುತ್ತದೆ. ಲೆಕ್ಕ ಸರಿದೂಗಿಸಲೆಂದು ಜಿಮ್ ಎತ್ತಿಕೊಳ್ಳುವ ಕಾಗದದ ಕಟ್ಟಿನಲ್ಲಿಯೇ ನಕ್ಷೆ ಇರುತ್ತದೆ. ಇಡೀ ಸಾಹಸವು ಒಂದು ಪ್ರಾಮಾಣಿಕ ಲೆಕ್ಕಾಚಾರದಿಂದ ಆರಂಭವಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲು ಅವಕಾಶ ನೀಡಬೇಕು. ಗಣಿತ ಶಿಕ್ಷಕರ ನೆರವಿನಿಂದ ಬಗೆಬಗೆಯ ನಾಣ್ಯಗಳ ವಿನಿಮಯದ ಲೆಕ್ಕಗಳನ್ನು ಇಲ್ಲಿ ಜೋಡಿಸಬಹುದು.

ಚಟುವಟಿಕೆ 3: ಹಡಗಿನ ಸಭೆ

ಸೇಬಿನ ಪೀಪಾಯಿಯೊಳಗೆ ಅಡಗಿದ್ದ ಜಿಮ್ 11ನೆಯ ಅಧ್ಯಾಯದಲ್ಲಿ ಸಂಚನ್ನು ಕೇಳಿಸಿಕೊಳ್ಳುತ್ತಾನೆ. ನಂಬಬಹುದಾದವರು ಆ ಬಾಲಕನೂ ಸೇರಿ ಏಳು ಜನ. ಉಳಿದವರು ಹತ್ತೊಂಬತ್ತು ಜನ. ಈ ಹಂತದಲ್ಲಿ ಓದನ್ನು ನಿಲ್ಲಿಸಿ, ಮಕ್ಕಳನ್ನು ಏಳು ಜನರ ತಂಡಗಳಾಗಿ ವಿಂಗಡಿಸಿ ಮುಂದೇನು ಮಾಡಬೇಕೆಂದು ಚರ್ಚಿಸಲು ತಿಳಿಸಬೇಕು. ಪ್ರತಿ ತಂಡದ ತೀರ್ಮಾನವನ್ನು ಕಪ್ಪುಹಲಗೆಯ ಮೇಲೆ ದಾಖಲಿಸಿದ ನಂತರವೇ 12ನೆಯ ಅಧ್ಯಾಯವನ್ನು ಓದತಕ್ಕದ್ದು. ಓದಲು ಕಷ್ಟಪಡುವ ಮಗು ಸಹ ಈ ಸಭೆಯಲ್ಲಿ ಸಮಾನ ಸದಸ್ಯನಾಗಿ ಮಾತನಾಡಬಲ್ಲದು.

ಚಟುವಟಿಕೆ 4: ಮತ್ತೊಬ್ಬರ ಬಾಯಲ್ಲಿ ಕಥೆ

ಜಿಮ್ ನಿರೂಪಿಸುವ ಈ ಕಥೆಯನ್ನು 16ರಿಂದ 18ನೆಯ ಅಧ್ಯಾಯಗಳಲ್ಲಿ ಮಾತ್ರ ವೈದ್ಯ ಲಿವ್ಸೀ ಮುಂದುವರಿಸುತ್ತಾರೆ. ಇದನ್ನೇ ಮಾದರಿಯಾಗಿಸಿಕೊಂಡು ಜಿಮ್‌ನ ತಾಯಿ, ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿ ಉಳಿದ ಬೆನ್ ಗನ್ ಅಥವಾ ಸಿಲ್ವರ್ ಅವರ ದೃಷ್ಟಿಯಿಂದ ಒಂದು ಪ್ರಸಂಗವನ್ನು ಮಕ್ಕಳು ತಮ್ಮ ಆಡುಮಾತಿನಲ್ಲಿ ಹೇಳಬಹುದು ಅಥವಾ ಬರೆಯಬಹುದು. ಆ ಪಾತ್ರಕ್ಕೆ ಆಗ ತಿಳಿದಿರಲು ಸಾಧ್ಯವಿಲ್ಲದ ಸಂಗತಿಯನ್ನು ಸೇರಿಸಬಾರದೆಂಬುದು ಇಲ್ಲಿನ ಏಕೈಕ ನಿಯಮ.

ಚಟುವಟಿಕೆ 5: ನಂಬಿಕೆಯ ದಿನಚರಿ

ಸಿಲ್ವರ್‌ನನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಮಕ್ಕಳು 0ಯಿಂದ 10ರವರೆಗಿನ ಅಂಕ ಹಾಗೂ ಕಾರಣದೊಂದಿಗೆ 8, 11, 14, 28 ಮತ್ತು 34ನೆಯ ಅಧ್ಯಾಯಗಳ ನಂತರ ದಾಖಲಿಸಬೇಕು. ಸೌಮ್ಯವಾಗಿ ಮಾತನಾಡಿದವನು, ಸಂಚು ಹೂಡಿದವನು, ಕೊಲೆ ಮಾಡಿದವನು, ಜಿಮ್‌ನ ಪ್ರಾಣ ಉಳಿಸಿದವನು ಮತ್ತು ಕೊನೆಗೆ ಒಂದು ಚೀಲ ನಾಣ್ಯದೊಂದಿಗೆ ಪರಾರಿಯಾದವನು ಒಬ್ಬನೇ. 30ನೆಯ ಅಧ್ಯಾಯದಲ್ಲಿ ಓಡಿಹೋಗಲು ವೈದ್ಯರು ಒತ್ತಾಯಿಸಿದರೂ, ಸಿಲ್ವರ್‌ಗೆ ಮಾತು ಕೊಟ್ಟಿರುವ ಕಾರಣ ಜಿಮ್ ನಿರಾಕರಿಸುತ್ತಾನೆ. ಮೋಸಗಾರನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆ ಎಂಬ ಚರ್ಚೆಗೆ ಶಿಕ್ಷಕರು ಸಿದ್ಧ ಉತ್ತರವನ್ನು ಒದಗಿಸದಿರುವುದು ಒಳಿತು.

ವಿಶೇಷವಾಗಿ ಗಮನಿಸಬೇಕಾದ ಅಂಶ

ಕಾದಂಬರಿಯ ಆರಂಭದಲ್ಲಿ ‘ಒಂಟಿ ಕಾಲಿನ ನಾವಿಕ’ ಜಿಮ್‌ನ ಕನಸಿನಲ್ಲಿ ಭೀಕರ ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ. ಅಂಧನಾದ ಪ್ಯೂ ಕೂಡ ಭಯ ಹುಟ್ಟಿಸುವ ಪಾತ್ರ. ತರಗತಿಯಲ್ಲಿ ಅಂಗವೈಕಲ್ಯವುಳ್ಳ ಮಗು ಇದ್ದಲ್ಲಿ ಈ ಪುಟಗಳು ಅಪಹಾಸ್ಯಕ್ಕೆ ದಾರಿಯಾಗದಂತೆ ಎಚ್ಚರ ವಹಿಸತಕ್ಕದ್ದು. ಕುಂಟುವುದನ್ನು ಅಥವಾ ಅಂಧತ್ವವನ್ನು ಅಣಕಿಸುವ ಅಭಿನಯಕ್ಕೆ ಅವಕಾಶ ನೀಡಬಾರದು. ಸಿಲ್ವರ್ ಪಾತ್ರಕ್ಕೆ ಪ್ರೇರಣೆಯಾದವರು ಲೇಖಕರ ಸ್ನೇಹಿತರೂ ಕವಿ-ಸಂಪಾದಕರೂ ಆಗಿದ್ದ ವಿಲಿಯಂ ಅರ್ನೆಸ್ಟ್ ಹೆನ್ಲಿ. ಕಾಯಿಲೆಯಿಂದ ಒಂದು ಕಾಲನ್ನು ಕಳೆದುಕೊಂಡಿದ್ದ ಅವರ ಮನೋಬಲವೇ ಸ್ಟೀವನ್‌ಸನ್ ಅವರನ್ನು ಆಕರ್ಷಿಸಿತ್ತು. ಈ ಸಂಗತಿಯನ್ನು ಓದಿಗೆ ಮೊದಲೇ ತಿಳಿಸುವುದು ಸೂಕ್ತ.

ಸಾಮಗ್ರಿ ಮತ್ತು ಮೌಲ್ಯಮಾಪನ

ಮೇಲಿನ ಚಟುವಟಿಕೆಗಳಿಗೆ ಹಳೆಯ ಕಾಗದ, ಪೆನ್ಸಿಲ್, ಅಳತೆಪಟ್ಟಿ ಮತ್ತು ಕಪ್ಪುಹಲಗೆ ಸಾಕು. ದುಬಾರಿ ವೇಷಭೂಷಣ ಅಥವಾ ಮಾದರಿಗಳನ್ನು ಪೋಷಕರಿಂದ ಅಪೇಕ್ಷಿಸುವ ಅಗತ್ಯವಿಲ್ಲ. ಮೌಲ್ಯಮಾಪನದಲ್ಲಿ ಚಿತ್ರದ ಅಂದಕ್ಕಿಂತ, ಮಗು ಪುಸ್ತಕದಿಂದ ಕೊಡುವ ಆಧಾರಕ್ಕೆ ಆದ್ಯತೆ ನೀಡತಕ್ಕದ್ದು.

ಹಕ್ಕುಸ್ವಾಮ್ಯ

ಸ್ಟೀವನ್‌ಸನ್ ಅವರು 1894ರಲ್ಲಿ ನಿಧನರಾದ ಕಾರಣ ಮೂಲ ಇಂಗ್ಲಿಷ್ ಕೃತಿಗೆ ಈಗ ಹಕ್ಕುಸ್ವಾಮ್ಯವಿಲ್ಲ. ಆದರೆ ಅನುವಾದಗಳಿಗೆ ಪ್ರತ್ಯೇಕ ಹಕ್ಕು ಇರಬಹುದು. ಹಕ್ಕುಸ್ವಾಮ್ಯ ಅಧಿನಿಯಮ, 1957ರ ಕಲಂ 52ರ ಪ್ರಕಾರ ಸಿಬ್ಬಂದಿ, ವಿದ್ಯಾರ್ಥಿಗಳು ಹಾಗೂ ಪೋಷಕರ ಎದುರಿಗಷ್ಟೇ ಸೀಮಿತವಾಗಿ, ಶಾಲೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನೀಡುವ ಪ್ರದರ್ಶನವು ಉಲ್ಲಂಘನೆಯಾಗುವುದಿಲ್ಲ.

ಪುಸ್ತಕಗಳನ್ನು ಪಡೆಯುವ ಬಗ್ಗೆ

2009ರ ಅಧಿನಿಯಮದ ಅನುಸೂಚಿಯಂತೆ ಪ್ರತಿ ಶಾಲೆಯಲ್ಲಿ ಕಥೆಪುಸ್ತಕಗಳನ್ನೂ ಒಳಗೊಂಡ ಗ್ರಂಥಾಲಯ ಇರಬೇಕು. ಪುಸ್ತಕಗಳ ಕೊರತೆಯಿದ್ದಲ್ಲಿ ಪೋಷಕರು ಈ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಬಹುದು. ಗ್ರಾಮೀಣ ಪ್ರದೇಶದ ಮಕ್ಕಳಿಗಾಗಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಪಡೆಯಲು ಅವಕಾಶ ಕಲ್ಪಿಸಲಾಗಿದೆ. ಮಗು ತಾನೇ ಆರಿಸಿಕೊಂಡ ಒಂದು ಪುಸ್ತಕವನ್ನು ಮನೆಗೆ ತಂದು ಓದುವಂತಾದಾಗ ತರಗತಿಯ ಈ ಚಟುವಟಿಕೆಗಳು ತಮ್ಮ ಉದ್ದೇಶವನ್ನು ಪೂರೈಸಿದಂತಾಗುತ್ತದೆ.