ತಬ್ಬಲಿ ಮರಿ ಉಳಿಸೋದು ಹೇಗೆ?



ವಿ.ಸಿ. ಫಾರಂ ಅಂದರೆ ಕಬ್ಬು, ಭತ್ತದ ಮಾತೇ ಮೊದಲು. ಇವತ್ತು ಮಾತ್ರ ಕುರಿ ಕೊಟ್ಟಿಗೆಗೆ ಬರೋಣ. ಈದ ಕುರಿ ಸತ್ತು ಮರಿ ಉಳಿದರೆ, ಇಲ್ಲವೆ ತಾಯಿಯೇ ಹತ್ತಿರ ಸೇರಿಸದಿದ್ದರೆ, ಅದನ್ನು ಬದುಕಿಸುವ ಬಗೆ ಹೇಗೆ?

ನಮ್ಮ ಸೀಮೆಯ ಬನ್ನೂರು ಕುರಿಯನ್ನೇ ತೆಗೆದುಕೊಳ್ಳಿ. ಇದರ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು; ಮಂಡ್ಯ ಕುರಿ ಅಂತಲೂ ಕರೀತಾರೆ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಬಾಯಿ ಕೆಳಗಾಗಿ ಇಟ್ಟ ಲಾಳದ ಹಾಗೆ ಕಾಣುತ್ತೆ. ಮಾಂಸಕ್ಕೆ ಹೆಸರಾದ ತಳಿ. ಆದರೆ ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ, ಅವಳಿ ಅಪರೂಪ. ಆ ಒಂದು ಹೋದರೆ ಇಡೀ ಸೂಲೇ ಹೋಯಿತು.

ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದು, ಬೆರಳು ಚೀಪದಿದ್ದರೆ ಹಾಲು ಹುಯ್ಯಬೇಡಿ; ಅದು ಶ್ವಾಸಕೋಶಕ್ಕೆ ಇಳಿದೀತು. ಮೈ ಒರೆಸಿ, ಒಣ ಗೋಣಿಚೀಲದಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲು ಪಕ್ಕದಲ್ಲಿಡಿ. ಒಲೆಯ ಬಾಯಿಗೆ ತೀರ ಹತ್ತಿರ ಬೇಡ. ಕಾವು ಕೊಟ್ಟರೂ ಚೀಪದಿದ್ದರೆ ಪಶುವೈದ್ಯರನ್ನು ಕರೆಸಿ. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ.

ಆಮೇಲೆ ಗಿಣ್ಣುಹಾಲು. ಮರಿ ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ ಅಂದರೂ ಸರಿ. ಅದು ಬರುವುದು ಗಿಣ್ಣಿನಿಂದ. ಮರಿಯ ಕರುಳು ಆ ಶಕ್ತಿಯನ್ನು ಹೀರುವುದು ಮೊದಲ ದಿನ ಮಾತ್ರ, ಅದರಲ್ಲೂ ಮೊದಲ ಆರು ಗಂಟೆ ಮುಖ್ಯ. ನಾಳೆ ನೋಡೋಣ ಅಂದರೆ ಕೆಟ್ಟಿತು. ಎರಡು ಕಿಲೋ ತೂಗುವ ಮರಿಗೆ ಸಲಕ್ಕೆ 100 ಮಿಲಿಲೀಟರು, ದಿನಕ್ಕೆ ಒಟ್ಟು 400 ಬೇಕು. ಬೇರೆ ಕುರಿಯದು ಸಿಗದಿದ್ದರೆ ಆಡಿನದು, ಹಸುವಿನದು ಆದೀತು. ತಣ್ಣಗಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ. ಒಲೆ ಮೇಲಿಟ್ಟು ಕಾಯಿಸಿದರೆ ನೀವು ತಿನ್ನುವ ಗಿಣ್ಣಾಗುತ್ತೆ, ಮರಿ ಕುಡಿಯುವ ಹಾಲಾಗಿ ಉಳಿಯೋದಿಲ್ಲ!

ಮರಿ ಸತ್ತ ತಾಯಿ ಕುರಿ ಮಂದೆಯಲ್ಲಿದ್ದರೆ ಅದಕ್ಕಿಂತ ಒಳ್ಳೆ ದಾದಿಯಿಲ್ಲ. ಕುರಿ ತನ್ನ ಮರಿಯನ್ನು ಗುರುತಿಸೋದು ವಾಸನೆಯಿಂದ. ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಅಂಗಿಯಂತೆ ಎರಡು ಮೂರು ದಿನ ತೊಡಿಸಿದರೆ ಬಹಳ ಸಲ ಒಪ್ಪಿಕೊಳ್ಳುತ್ತೆ. ರೋಗದಿಂದ ಸತ್ತ ಮರಿಯ ಚರ್ಮ ಮಾತ್ರ ಮುಟ್ಟಬೇಡಿ.

ದಾದಿ ಸಿಗದಿದ್ದರೆ ಬಾಟಲೇ ಗತಿ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ, ಉಗುರುಬೆಚ್ಚಗಿನ ಹಾಲು. ನೀರು ಬೆರೆಸಬೇಡಿ, ಕುರಿ ಹಾಲು ಹಸುವಿನದಕ್ಕಿಂತ ಗಟ್ಟಿ. ಮರಿ ನಿಂತೇ ಕುಡಿಯಲಿ, ಕೂಸಿನ ಹಾಗೆ ಅಂಗಾತ ಮಲಗಿಸಬಾರದು. ನಿಪ್ಪಲನ್ನು ದಿನವೂ ಬಿಸಿನೀರಲ್ಲಿ ತೊಳೆಯಿರಿ.

ಎರಡು ವಾರವಾದ ಮೇಲೆ ಅಗಸೆ ಸೊಪ್ಪು, ಹಿಪ್ಪುನೇರಳೆ ಸೊಪ್ಪು ಕಟ್ಟಿ. ಔಷಧ ಹೊಡೆದ ತೋಟದ್ದಾದರೆ ಬೇಡ. ಸೊಪ್ಪು ಹುಲ್ಲು ಚೆನ್ನಾಗಿ ಮೇಯುತ್ತಿದ್ದರೆ ಮೂರು ತಿಂಗಳ ಹೊತ್ತಿಗೆ ಹಾಲು ಬಿಡಿಸಬಹುದು. ಅಷ್ಟರೊಳಗೆ ಕರುಳು ಬೇನೆಯ ಲಸಿಕೆ, ಜಂತಿನ ಔಷಧ ಯಾವಾಗ ಅಂತ ಪಶುವೈದ್ಯರನ್ನು ಕೇಳಿಕೊಳ್ಳಿ.

ಮತ್ತೊಂದು ಮಾತು. ಟಗರು ಮರಿಯಾದರೆ ಮಕ್ಕಳು ಅದರ ಹಣೆ ಒತ್ತಿ ಆಡಲು ಬಿಡಬೇಡಿ. ಕೈಯಲ್ಲಿ ಬೆಳೆದ ಟಗರಿಗೆ ಮನುಷ್ಯರ ಭಯ ಇರೋದಿಲ್ಲ. ದೊಡ್ಡದಾದ ಮೇಲೆ ಮನೆಯವರನ್ನೇ ಗುದ್ದುತ್ತೆ. ಬೇಗ ಮಂದೆಯ ಜೊತೆ ಬಿಡಿ.