ಬಾಯಿಪಾಠವೇ ದತ್ತವಾದಾಗ: ಮಾಸೂರು ಮತ್ತು ಸರ್ವಜ್ಞನ ತ್ರಿಪದಿಗಳು

ಹಿರೇಕೆರೂರು ಸೀಮೆಯ ಮಾಸೂರು ಸರ್ವಜ್ಞನ ತಂದೆಯ ಊರೆಂದೂ ಅಬಲೂರು ತಾಯಿಯ ಊರೆಂದೂ ಐತಿಹ್ಯವಿದೆ. ಅದಕ್ಕೆ ಆಧಾರವಾಗಿ ತೋರಿಸುವುದು ಆತನ ಅಂಕಿತದ ತ್ರಿಪದಿಗಳನ್ನೇ. ಅವುಗಳನ್ನು ಆ ಸೀಮೆಯ ಹಿಂದಿನ ಕನ್ನಡಕ್ಕೆ ಸಾಕ್ಷ್ಯವಾಗಿ ಬಳಸುವವರು ಊರನ್ನು ಪಠ್ಯದಿಂದ ಪಡೆದು, ಅನಂತರ ಪಠ್ಯವನ್ನು ಆ ಊರಿಗೇ ಒಪ್ಪಿಸುತ್ತಾರೆ. ಇದು ಚಕ್ರಕದೋಷ.

ಉತ್ತಂಗಿ ಚನ್ನಪ್ಪನವರು 1924ರಲ್ಲಿ ಹೊರತಂದ ಸಂಕಲನದ ಉಪಕಾರ ದೊಡ್ಡದು. ಆದರೆ ತಲೆಮಾರುಗಳ ನಾಲಗೆಯ ಮೇಲೆ ಹಾದುಬಂದ ಪದ್ಯವು ಒಬ್ಬನ ಉಪಭಾಷೆಯ ದಾಖಲೆಯಾಗಲಾರದು.

ಹಾಗೆಂದು ನಾವು ಅದನ್ನು ತಳ್ಳಿಹಾಕುವುದಿಲ್ಲ. ಪದ್ಯದ ಎಲ್ಲ ಸ್ಥಾನಗಳೂ ಸಮಾನವಾಗಿ ಸಡಿಲವಲ್ಲ. ಸಾಲಿನ ನಡುವಣ ವಿಭಕ್ತಿ ಪ್ರತ್ಯಯವನ್ನು ಹೇಳುವವನು ತನ್ನ ಮಾತಿಗೆ ಒಗ್ಗಿಸಿಕೊಂಡರೆ, ಮಾತ್ರೆ ಕೆಡದಿದ್ದಲ್ಲಿ, ಯಾರಿಗೂ ತಿಳಿಯದು. ದ್ವಿತೀಯಾಕ್ಷರವನ್ನು ಬದಲಿಸಿದರೆ ಪ್ರಾಸವೇ ಮುರಿಯುತ್ತದೆ. ಆದುದರಿಂದ ಪ್ರಾಸಸ್ಥಾನದ ರೂಪಗಳನ್ನೂ ಉಳಿದವನ್ನೂ ಬೇರೆಬೇರೆಯಾಗಿ ಎಣಿಸಬೇಕು. ಒಟ್ಟು ಮೊತ್ತದ ಪಟ್ಟಿ ನಿರುಪಯೋಗಿ.

ಜನ್ಮವೃತ್ತಾಂತದ ಪದ್ಯವೊಂದರಲ್ಲಿ ‘ಅಂಬಲೂರು’ ಎಂಬ ರೂಪವು ‘ಕುಂಬಾರ’ದೊಡನೆ ಪ್ರಾಸಗೂಡಿದೆ. ಅನುಸ್ವಾರವಿಲ್ಲದ ‘ಅಬಲೂರು’ ಅಲ್ಲಿ ನಿಲ್ಲದು. ಹಾಗಾಗಿ ಆ ಹೆಸರು ಅನಂತರ ಸೇರಿದ್ದಲ್ಲ, ಪದ್ಯ ಹುಟ್ಟಿದಾಗಲೇ ಇತ್ತು ಎನ್ನಬಹುದು. ಆ ಪದ್ಯವನ್ನು ಕಟ್ಟಿದವನು ಸರ್ವಜ್ಞನೇ ಎಂಬುದಕ್ಕೆ ಮಾತ್ರ ಪ್ರಾಸವು ಸಾಕ್ಷಿ ನುಡಿಯುವುದಿಲ್ಲ. ಮಾಸೂರನ್ನು ಹೆಸರಿಸುವ ಪದ್ಯಗಳನ್ನೂ ಮೊದಲು ಇದೇ ಒರೆಗೆ ಹಚ್ಚಬೇಕು.