ಒಂಟಿ ಸವಾರಿಯ ರೂಢಿ ಮತ್ತು ನಮ್ಮ ಆರೋಗ್ಯ

ಯುಗಾದಿ ಸಮೀಪಿಸಿತೆಂದರೆ ನಮ್ಮ ಭಾಗದ ಸದ್ಭಕ್ತರು ಕಂಬಿ ಹೊತ್ತು ಶ್ರೀಶೈಲದತ್ತ ಹೆಜ್ಜೆ ಹಾಕುತ್ತಾರೆ. ದಿನಗಟ್ಟಲೆ ನಡೆದು ಮಲ್ಲಯ್ಯನ ದರ್ಶನ ಪಡೆದು ಬರುವ ನಾವೇ, ಊರಿಗೆ ಮರಳಿದ ಮರುದಿನ ಅಗಸಿಯ ಬಳಿಯ ಅಂಗಡಿಯಿಂದ ಸಕ್ಕರೆ ತರಲು ಬೈಕ್ ಏರುತ್ತೇವೆ. ಕಾಲಿನಲ್ಲಿ ಬಲವಿಲ್ಲವೆಂದಲ್ಲ, ನಡೆಯುವ ರೂಢಿ ತಪ್ಪಿದೆ.

ಮರೋಳದಂತಹ ಊರಿನಲ್ಲಿ ಇದರಿಂದ ದಾರಿ ಕಟ್ಟಿಕೊಳ್ಳುವುದಿಲ್ಲ. ಆದರೆ ಕಾಯಕಕ್ಕಾಗಿ ಹುಬ್ಬಳ್ಳಿ, ಬೆಂಗಳೂರು ಸೇರಿದ ನಮ್ಮ ಮಕ್ಕಳು ಇದೇ ರೂಢಿಯನ್ನು ಜೊತೆಗೆ ಒಯ್ಯುತ್ತಾರೆ. ಲೆಕ್ಕ ಸರಳವಾಗಿದೆ. ನಾಲ್ಕು ಮೀಟರ್ ಉದ್ದದ 40 ಕಾರುಗಳಲ್ಲಿ ಒಬ್ಬೊಬ್ಬರೇ ಕುಳಿತು ಹೊರಟರೆ, ನಡುವೆ ಅಂತರವನ್ನೇ ಬಿಡದಿದ್ದರೂ 160 ಮೀಟರ್ ರಸ್ತೆ ಬೇಕು. ಅಷ್ಟೇ ಜನರಿಗೆ 12 ಮೀಟರಿನ ಒಂದು ಬಸ್ಸು ಸಾಕು. ಹೀಗೆ ಕಟ್ಟಿಕೊಂಡ ದಾರಿಯಲ್ಲಿ ನಿಂತವರು ಉಸಿರಾಡುವುದು ಮುಂದಿನ ವಾಹನದ ಹೊಗೆಯನ್ನು. ಅದರಲ್ಲಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ಹಾನಿ ಮಾಡುತ್ತವೆ. ಬೆನ್ನುನೋವು, ಸಿಡುಕು, ಏರುವ ರಕ್ತದೊತ್ತಡ ಬೇರೆ.

ಇದಕ್ಕೆ ಪರ್ಯಾಯವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಾಟ ಆರಂಭಿಸಿ, 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸೇವೆಗೆ ‘ಚಿಗರಿ’ ಎಂಬ ನಮ್ಮ ನೆಲದ ಹೆಸರನ್ನೇ ಇಟ್ಟಿದ್ದಾರೆ. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ದಾರಿಯುಂಟು. ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ಪಡೆದು, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆಯಿಂದ ಒಳಗೆ ಹೋಗಬಹುದು. ಮೊಣಕಾಲು ನೋವಿನ ಹಿರಿಯರಿಗೆ ಇದು ಸಣ್ಣ ಅನುಕೂಲವೇನಲ್ಲ. ಉಳಿದ ವಾಹನಗಳಿಗೆ ರಸ್ತೆ ಇಕ್ಕಟ್ಟಾಯಿತೆಂಬ ದೂರು ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಇಕ್ಕಟ್ಟಿಗೆ ಹೆದರಿ ಎಲ್ಲರೂ ಮತ್ತೊಂದು ಗಾಡಿ ಕೊಂಡರೆ ಇಕ್ಕಟ್ಟು ಸಡಿಲಾದೀತೆ?

ಬಸ್ಸಿನಲ್ಲಿ ಹೋಗುವವರಿಗೆ ದೊರೆಯುವ ದೊಡ್ಡ ಲಾಭ ಬಸ್ಸಿನ ಹೊರಗಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಲ್ದಾಣಕ್ಕೆ ಹೋಗುವಾಗ ಹದಿನೈದು, ಮರಳುವಾಗ ಹದಿನೈದು ನಿಮಿಷ ಚುರುಕಾಗಿ ನಡೆದರೆ ಐದೇ ದಿನದಲ್ಲಿ ಅದು ಪೂರೈಸುತ್ತದೆ. ವ್ಯಾಯಾಮಶಾಲೆಯ ಶುಲ್ಕವೂ ಉಳಿಯುತ್ತದೆ.

ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಣಿಕೆಯನ್ನಲ್ಲ, ದುಶ್ಚಟಗಳನ್ನು. ಕುಡಿತದೊಡನೆ ಗಾಡಿಯನ್ನು ಹೋಲಿಸುವುದು ತಪ್ಪಾದೀತು. ಆದರೆ ಅಗತ್ಯವಿಲ್ಲದ ಒಂಟಿ ಸವಾರಿಯೂ ಬಿಡಬಹುದಾದ ಒಂದು ರೂಢಿಯೇ ಎಂದು ನಾವು ಭಾವಿಸುತ್ತೇವೆ. ಹುನಗುಂದ, ಇಳಕಲ್ಲಗಳ ಕಚೇರಿ, ಶಾಲೆಗಳಿಗೆ ನಿತ್ಯ ಹೋಗಿಬರುವ ನಾಲ್ವರು ಒಂದೇ ಕಾರಿನಲ್ಲಿ ಕೂಡಿ ಹೋಗಬಹುದು. ಶ್ರೀಮಠದ ಶಿವಾನುಭವಕ್ಕೆ ಬರುವವರು ನೆರೆಮನೆಯವರನ್ನೂ ಕರೆತರಬಹುದು.

ಹೃದ್ರೋಗವಿರುವವರು ವೈದ್ಯರನ್ನು ಕೇಳಿಯೇ ನಡಿಗೆಯನ್ನು ಹೆಚ್ಚಿಸಬೇಕು. ಪಾದಚಾರಿ ಮಾರ್ಗವಿಲ್ಲದ ಕಡೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನಗಳು ಕಾಣುವಂತೆ ನಡೆಯಿರಿ. ಮುಸ್ಸಂಜೆಯಲ್ಲಿ ಬಿಳಿಯ ಬಟ್ಟೆ ಒಳ್ಳೆಯದು.